ಮನೆ ಬಿಟ್ಟು ಹೊರಗೇ ಹೋಗದ ಮೊಲಕ್ಕೂ ಲಸಿಕೆ ಬೇಕಾ?

ಉದ್ದಕಿವಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಮೊಲ ಇವೆ, ಗುಂಡ ಮತ್ತು ಚಿನ್ನಿ. ಇನ್ನೂ ನಾಲ್ಕು ತಿಂಗಳು. ಮೊನ್ನೆ ಉಗುರು ಕತ್ತರಿಸಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಉಗುರು ಕತ್ತರಿಸಿ, ಹಲ್ಲು ನೋಡಿ, ತೂಕ ಬರೆದುಕೊಂಡು, ಕೊನೆಗೆ "ಲಸಿಕೆ ಯಾವಾಗ ಹಾಕಿಸಿದ್ರಿ?" ಅಂತ ಕೇಳಿದರು. ನಾನು ಪೆಚ್ಚಾಗಿ ನಿಂತೆ. ನಾಯಿ, ಬೆಕ್ಕಿಗೆ ಲಸಿಕೆ ಇರುವುದು ಗೊತ್ತು. ಮೊಲಕ್ಕೂ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಮಿಕ್ಸೊಮಟೋಸಿಸ್ ಅಂತ ಒಂದು ಕಾಯಿಲೆಯಂತೆ, ಆರ್‌ಎಚ್‌ಡಿ (ರ್‍ಯಾಬಿಟ್ ಹೆಮರಾಜಿಕ್ ಡಿಸೀಸ್, ಮೊಲಗಳ ರಕ್ತಸ್ರಾವದ ಕಾಯಿಲೆ) ಅಂತ ಇನ್ನೊಂದಂತೆ. ಎರಡಕ್ಕೂ ಮದ್ದಿಲ್ಲವಂತೆ.

ನನ್ನ ಅನುಮಾನ ಇಷ್ಟೇ. ಇವು ಮೂರನೇ ಮಹಡಿಯಲ್ಲಿ ಇರುವ ಮೊಲಗಳು. ಮಣ್ಣು ತುಳಿದಿಲ್ಲ, ಬೇರೆ ಮೊಲದ ಮುಖ ನೋಡಿಲ್ಲ. ಇವಕ್ಕೆ ಕಾಯಿಲೆ ಎಲ್ಲಿಂದ ಬರಬೇಕು? ನಮ್ಮ ಭಾವ ಅಂತೂ "ಎಲ್ಲಾ ದುಡ್ಡು ಮಾಡುವ ದಾರಿ, ಸುಮ್ನೆ ಇರು" ಅನ್ನುತ್ತಾರೆ. ಸಾಕಿದ ಅನುಭವ ಇರುವವರು ಹೇಳಿ.

ಜಡೆಹುಲ್ಲು:
ನಿಮ್ಮ ಭಾವ ಹೇಳಿದ ಮಾತನ್ನೇ ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹತ್ತಿರ ಮಲ್ಲಿ, ಕರಿಯ ಅಂತ ಎರಡು ಮೊಲ ಇದ್ದವು. ಎರಡೂ ಮನೆಯೊಳಗೇ. ಒಂದು ರಾತ್ರಿ ಹತ್ತು ಗಂಟೆಗೆ ಸೊಪ್ಪು ಕೊಟ್ಟೆ. ಮಲ್ಲಿ ಎಂದಿನ ಹಾಗೆ ನನ್ನ ಕೈಯಿಂದಲೇ ಕಿತ್ತುಕೊಂಡು ತಿಂದಳು. ಬೆಳಗ್ಗೆ ಆರಕ್ಕೆ ನೋಡಿದರೆ ಅಡ್ಡ ಬಿದ್ದಿದ್ದಾಳೆ. ಕುತ್ತಿಗೆ ಹಿಂದಕ್ಕೆ ಸೆಟೆದಿದೆ. ಮೂಗಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ತಟ್ಟೆಯಲ್ಲಿ ಬಿಟ್ಟಿದ್ದ ಸೊಪ್ಪಿನ ದಂಟು ಇನ್ನೂ ಬಾಡಿರಲಿಲ್ಲ.

ಸೊಪ್ಪಿಗೆ ಔಷಧಿ ಹೊಡೆದಿದ್ದಾರೆ ಅಂದುಕೊಂಡೆ. ಸೊಪ್ಪು ಮಾರುವವರ ಹತ್ತಿರ ಹೋಗಿ ಜಗಳವನ್ನೂ ಆಡಿ ಬಂದೆ, ಪಾಪ ಅವರದ್ದೇನೂ ತಪ್ಪಿರಲಿಲ್ಲ. ಹತ್ತಿರದ ಒಬ್ಬ ಡಾಕ್ಟರಿಗೆ ಫೋನ್ ಮಾಡಿದರೆ "ಹಾರ್ಟ್ ನಿಂತಿರಬೇಕು, ಮೊಲಗಳು ಹೀಗೇ" ಅಂದುಬಿಟ್ಟರು. ಮರುದಿನ ಸಂಜೆ ಕರಿಯ ಮೂಲೆಯಲ್ಲಿ ಮುದುಡಿ ಕೂತ. ಹುಲ್ಲು ಮುಟ್ಟಲಿಲ್ಲ. ಕಿವಿ ಮುಟ್ಟಿದರೆ ಬಿಸಿ. ರಾತ್ರಿ ಕಳೆಯುವಷ್ಟರಲ್ಲಿ ಅವನೂ ಇಲ್ಲ. ಈ ಸಲ ಬೇರೆ ಡಾಕ್ಟರ್ ಹತ್ತಿರ ಹೋಗಿ, ಗಟ್ಟಿ ಮನಸ್ಸು ಮಾಡಿ ಪೋಸ್ಟ್‌ಮಾರ್ಟಂ ಮಾಡಿಸಿದೆ. ಲಿವರ್ ಪೂರ್ತಿ ಮಾಸಲು ಬಣ್ಣಕ್ಕೆ ತಿರುಗಿತ್ತು, ಮೇಲೆ ಜಾಲರಿ ಹಾಗೆ ಗೆರೆಗಳು. ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಆರ್‌ಎಚ್‌ಡಿ, ಅದರಲ್ಲೂ ಎರಡನೇ ಬಗೆ.

ಎಲ್ಲಿಂದ ಬಂತು ಅಂತ ಇವತ್ತಿಗೂ ಖಾತ್ರಿ ಇಲ್ಲ. ಅದಕ್ಕೆ ಐದಾರು ದಿನ ಮುಂಚೆ ಮೊಲ ಸಾಕುವ ಸ್ನೇಹಿತರ ಮನೆಗೆ ಹೋಗಿದ್ದೆ, ಅದೇ ಚಪ್ಪಲಿಯಲ್ಲಿ ಮನೆಯೊಳಗೆ ಬಂದಿದ್ದೆ. ಅಷ್ಟೇ ನೆನಪು. ನನ್ನ ಮೊಲ ಹೊರಗೆ ಹೋಗಿರಲಿಲ್ಲ, ಆದರೆ ನಾನು ಹೋಗಿದ್ದೆ ಅಲ್ವಾ?

ಉದ್ದಕಿವಿ:
ಓದಿ ಏನು ಬರೆಯಬೇಕೋ ತೋಚುತ್ತಿಲ್ಲ. ಎರಡನ್ನೂ ಎರಡೇ ದಿನದಲ್ಲಿ ಕಳೆದುಕೊಳ್ಳುವುದು ಅಂದರೆ... ಬರೆದಿದ್ದಕ್ಕೆ ಥ್ಯಾಂಕ್ಸ್.

ಒಂಟಿಸಲಗ:
ಬೇಸರದ ವಿಷಯವೇ, ಒಪ್ಪುತ್ತೇನೆ. ಆದರೆ ಒಬ್ಬರ ಮನೆಯಲ್ಲಿ ಆಗಿದ್ದನ್ನು ನೋಡಿ ಎಲ್ಲರೂ ಸೂಜಿ ಹಿಡಿದು ಓಡಬೇಕಾ? ನನ್ನ ಮೊಲಕ್ಕೆ ಈಗ ಒಂಬತ್ತು ವರ್ಷ. ಒಂದೇ ಒಂದು ಲಸಿಕೆ ಹಾಕಿಸಿಲ್ಲ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ. ಕಾಡಿನಲ್ಲಿರುವ ಮೊಲಗಳಿಗೆ ಯಾರು ಲಸಿಕೆ ಹಾಕುತ್ತಾರೆ? ಅವು ಬದುಕಿಲ್ವಾ? ಪ್ರಕೃತಿ ತಾನೇ ನೋಡಿಕೊಳ್ಳುತ್ತೆ.

ಸೂಜಿಮದ್ದು:
ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಆದರೆ ದಿನವೂ ನೋಡುವ ವಿಷಯ ಆದ್ದರಿಂದ ಹೇಳುತ್ತೇನೆ.

ಒಂಟಿಸಲಗ ಅವರೇ, ಪ್ರಕೃತಿ ಹೇಗೆ ನೋಡಿಕೊಂಡಿತು ಅಂತ ಕೇಳಿ. 1950ರಲ್ಲಿ ಆಸ್ಟ್ರೇಲಿಯಾದವರು ಕಾಡುಮೊಲಗಳ ಕಾಟ ತಡೆಯಲಾರದೆ ಮಿಕ್ಸೊಮಟೋಸಿಸ್ ವೈರಸ್ಸನ್ನು ಬೇಕೆಂತಲೇ ಬಿಟ್ಟರು. ಶುರುವಿನಲ್ಲಿ ರೋಗ ತಗುಲಿದ ನೂರು ಮೊಲಗಳಲ್ಲಿ 99ಕ್ಕೂ ಹೆಚ್ಚು ಸತ್ತವು. ಆಮೇಲೆ ಉಳಿದವುಗಳ ಮರಿಗಳಿಗೆ ಸ್ವಲ್ಪ ಸ್ವಲ್ಪ ತಡೆಯುವ ಶಕ್ತಿ ಬಂತು, ವೈರಸ್ಸೂ ಸ್ವಲ್ಪ ಮೆತ್ತಗಾಯಿತು, ನಿಜ. ಆದರೆ ಆ ಶಕ್ತಿ ಬಂದಿದ್ದು ಲೆಕ್ಕವಿಲ್ಲದಷ್ಟು ಮೊಲಗಳು ಸತ್ತ ಮೇಲೆ. ಮನೆಯಲ್ಲಿ ಇರುವುದೇ ಎರಡು ಮೊಲ ಆದರೆ ಆ ಲೆಕ್ಕ ನಡೆಯಲ್ಲ. 1952ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ನಿವೃತ್ತ ಡಾಕ್ಟರ್ ತನ್ನ ತೋಟದ ಮೊಲಗಳು ಹೋದರೆ ಸಾಕು ಅಂತ ಎರಡು ಮೊಲಕ್ಕೆ ಈ ವೈರಸ್ ಚುಚ್ಚಿ ಬಿಟ್ಟ. ತೋಟಕ್ಕೆ ಗೋಡೆ ಇತ್ತು. ಗೋಡೆ ಏನು ಮಾಡುತ್ತೆ? ಮರುವರ್ಷ ಕಾಯಿಲೆ ಸಮುದ್ರ ದಾಟಿ ಇಂಗ್ಲೆಂಡಿಗೂ ಹೋಗಿತ್ತು. ಮೂರನೇ ಮಹಡಿ ಅಂದಾಗ ನನಗೆ ಆ ಗೋಡೆಯೇ ನೆನಪಾಗುವುದು.

ಇನ್ನು ಕಾಯಿಲೆ ಹೇಗೆ ಬರುತ್ತೆ ಅನ್ನುವುದು. ಮಿಕ್ಸೊ ಹರಡುವುದು ಮುಖ್ಯವಾಗಿ ಸೊಳ್ಳೆ ಮತ್ತು ಚಿಗಟದಿಂದ. ಸೊಳ್ಳೆಯ ಹೊಟ್ಟೆಯಲ್ಲಿ ವೈರಸ್ ಬೆಳೆಯುವುದಿಲ್ಲ, ಅದರ ಮೂತಿಗೆ ಅಂಟಿಕೊಂಡು ಬರುತ್ತೆ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದ ಹಾಗೆ. ಮೊದಲು ರೆಪ್ಪೆ ಊದುತ್ತೆ, ಕಣ್ಣಿನಲ್ಲಿ ಕೀವು ಬರುತ್ತೆ, ಕಿವಿಯ ಬುಡ, ಮೂತಿ, ಜನನಾಂಗದ ಸುತ್ತ ಬಾವು. ಕಣ್ಣು ಮುಚ್ಚಿಹೋಗುತ್ತೆ. ಊಟದ ತಟ್ಟೆ ಎಲ್ಲಿದೆ ಅಂತ ಕಾಣಲ್ಲ. ಎರಡು ವಾರದೊಳಗೆ ಸಾಯುವುದೇ ಜಾಸ್ತಿ. ಒಂದು ಸಲ ನೋಡಿದವರು ಮರೆಯಲ್ಲ, ನಾನು ನೋಡಿದ್ದೇನೆ.

ಆರ್‌ಎಚ್‌ಡಿ ಬೇರೆ ಜಾತಿಯದ್ದು. ಅದು ನೇರ ಲಿವರ್‌ಗೆ ಕೈ ಹಾಕುತ್ತೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡುತ್ತೆ. ಜ್ವರ ಶುರುವಾದ ಮೇಲೆ ಒಂದು ದಿನ, ಒಂದೂವರೆ ದಿನ, ಅಷ್ಟೇ. ಎಷ್ಟೋ ಸಲ ಲಕ್ಷಣವೇ ಕಾಣಲ್ಲ, ಜಡೆಹುಲ್ಲು ಅವರ ಮಲ್ಲಿಗೆ ಆದ ಹಾಗೆ. ಈ ವೈರಸ್ ಭಾರಿ ಗಟ್ಟಿ. ಬಟ್ಟೆಯ ಮೇಲೆ ಒಣಗಿದ್ದರೂ ಮನೆಯ ಬಿಸಿಯಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಜೀವ ಹಿಡಿದಿರುತ್ತೆ. ಹುಲ್ಲಿನ ಕಟ್ಟು, ಚಪ್ಪಲಿ, ಬಟ್ಟೆ, ನೊಣ, ಹಕ್ಕಿ, ಯಾವುದರಲ್ಲಿ ಬೇಕಾದರೂ ಬರಬಹುದು.

ಒಂಟಿಸಲಗ:
ಸರಿ, ಇಷ್ಟು ವಿವರ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ಮೊದಲು ಇಲ್ಲದ ಕಾಯಿಲೆ ಈಗ ಎಲ್ಲಿಂದ ಬಂತು? ನಾವು ಚಿಕ್ಕವರಿದ್ದಾಗ ಮೊಲ ಸಾಕಿದ್ದೆವು, ಇದರ ಹೆಸರೇ ಕೇಳಿರಲಿಲ್ಲ.

ಸೂಜಿಮದ್ದು:
ನ್ಯಾಯವಾದ ಪ್ರಶ್ನೆ. ಮಿಕ್ಸೊ ಹಳೆಯದು, 1896ರಲ್ಲೇ ಉರುಗ್ವೆಯಲ್ಲಿ ಸನಾರೆಲ್ಲಿ ಅನ್ನುವ ವಿಜ್ಞಾನಿ ಗುರುತಿಸಿದ್ದು, ಪ್ರಯೋಗಾಲಯಕ್ಕೆ ತಂದಿದ್ದ ಮೊಲಗಳು ಸಾಯುತ್ತಿದ್ದವು. ದಕ್ಷಿಣ ಅಮೆರಿಕದ ಕಾಡುಮೊಲಕ್ಕೆ ಇದು ಬಂದರೆ ಒಂದು ಸಣ್ಣ ಗಂಟು, ಅಷ್ಟೇ. ನಾವು ಸಾಕುವ ಮೊಲ ಯುರೋಪಿನ ತಳಿ, ಅದಕ್ಕೆ ಬಂದರೆ ಸಾವು.

ಆರ್‌ಎಚ್‌ಡಿ ನಿಜಕ್ಕೂ ಹೊಸದು. 1984ರಲ್ಲಿ ಚೀನಾದಲ್ಲಿ ಮೊದಲು ಕಂಡಿತು, ಉಣ್ಣೆಗಾಗಿ ಸಾಕುವ ಅಂಗೋರಾ ಮೊಲಗಳಲ್ಲಿ. ಒಂದು ವರ್ಷದೊಳಗೆ 14 ಕೋಟಿ ಮೊಲ ಸತ್ತವು ಅನ್ನುತ್ತಾರೆ. 2010ರಲ್ಲಿ ಫ್ರಾನ್ಸಿನಲ್ಲಿ ಅದರ ಎರಡನೇ ಬಗೆ ಬಂತು. 2020ರಲ್ಲಿ ಅಮೆರಿಕದ ನೈರುತ್ಯ ರಾಜ್ಯಗಳಲ್ಲಿ ಕಾಡುಮೊಲಗಳೂ ಸಾಯಲು ಶುರುವಾದವು. ಹಳೆಯ ಬಗೆ ಎರಡು ತಿಂಗಳೊಳಗಿನ ಮರಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿತ್ತು. ಹೊಸದು ಮರಿ ಅಂತ ನೋಡಲ್ಲ. ಅದಕ್ಕೇ ಲಸಿಕೆ ಹಾಕಿಸುವಾಗ "ಇದು ಎರಡೂ ಬಗೆಗೆ ಆಗುತ್ತಾ?" ಅಂತ ಬಾಯಿ ಬಿಟ್ಟು ಕೇಳಿ. ಹಳೆಯ ಬಗೆಗೆ ಮಾತ್ರ ಇರುವ ಲಸಿಕೆ ಹೊಸದನ್ನು ತಡೆಯುತ್ತೆ ಅಂತ ನಂಬುವ ಹಾಗಿಲ್ಲ. "ಹಾಕಿಸಿದ್ದೆ, ಆದರೂ ಸತ್ತಿತು" ಅನ್ನುವ ಕಥೆಗಳಲ್ಲಿ ಕೆಲವು ಹೀಗೇ ಆಗಿರುತ್ತವೆ.

ಎರಡುಹಲ್ಲು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮನೆಯಲ್ಲಿ ಸಣ್ಣ ಮಗು ಇದೆ. ಈ ಕಾಯಿಲೆಗಳು ನಮಗೆ ಬರುತ್ತವಾ? ನಮ್ಮತ್ತೆ ಆಗಲೇ ಮೊಲವನ್ನು ಯಾರಿಗಾದರೂ ಕೊಟ್ಟುಬಿಡು ಅನ್ನುತ್ತಿದ್ದಾರೆ.

ಸೂಜಿಮದ್ದು:
ಬರಲ್ಲ. ಎರಡೂ ಬರಲ್ಲ. ನಾಯಿ, ಬೆಕ್ಕಿಗೂ ಬರಲ್ಲ, ಕಾಲಿಗೆ ಮೆತ್ತಿಕೊಂಡು ವೈರಸ್ಸನ್ನು ಒಳಗೆ ತರಬಹುದು ಅಷ್ಟೇ. ನಿಮ್ಮತ್ತೆಗೆ ಈ ಕಥೆ ಹೇಳಿ. 1951ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಲಗಳು ಸಾಯುತ್ತಿದ್ದ ಕಡೆಯೇ ಜನರಿಗೆ ಮಿದುಳು ಜ್ವರ ಬಂತು. ಎಲ್ಲರೂ ಮೊಲದ ವೈರಸ್ಸಿನ ಮೇಲೆ ಗೂಬೆ ಕೂರಿಸಿದರು. ಆಗ ಬರ್ನೆಟ್, ಫೆನ್ನರ್, ಕ್ಲೂನಿಸ್ ರಾಸ್ ಅನ್ನುವ ಮೂವರು ವಿಜ್ಞಾನಿಗಳು ಆ ವೈರಸ್ಸನ್ನು ತಮಗೇ ಚುಚ್ಚಿಕೊಂಡರು. ಏನೂ ಆಗಲಿಲ್ಲ. ಮಿದುಳು ಜ್ವರ ಬೇರೆಯೇ ವೈರಸ್ಸಿನಿಂದ ಬಂದಿತ್ತು.

ಎರಡುಹಲ್ಲು:
ಓದಿ ಹೇಳಿದೆ. "ಅವರಿಗೆ ಮಾಡಲು ಬೇರೆ ಕೆಲಸ ಇರಲಿಲ್ವಾ" ಅಂದರು. ಆದರೆ ಮೊಲ ಸದ್ಯಕ್ಕೆ ಉಳಿಯಿತು.

ಉದ್ದಕಿವಿ:
ಸರಿ, ಹಾಕಿಸುವುದು ಅಂತ ಗಟ್ಟಿ ಮಾಡಿದೆ. ಈಗ ಸಣ್ಣ ಸಣ್ಣ ಪ್ರಶ್ನೆಗಳು. ಹೋಗುವ ಮುಂಚೆ ಹೊಟ್ಟೆ ಖಾಲಿ ಇಡಬೇಕಾ? ಚಿನ್ನಿ ತುಂಬಾ ಪುಟ್ಟದು, ಒಂದು ಕಿಲೋ ಕೂಡ ಇಲ್ಲ, ಅವಳಿಗೆ ಅರ್ಧ ಡೋಸ್ ಸಾಕಾ? ಆಮೇಲೆ ಏನಾದರೂ ತೊಂದರೆ ಆಗುತ್ತಾ?

ಜಡೆಹುಲ್ಲು:
ಹೊಟ್ಟೆ ಖಾಲಿ ಇಡಲೇಬೇಡಿ! ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಆದ್ದರಿಂದ ಉಪವಾಸದ ಪ್ರಶ್ನೆಯೇ ಇಲ್ಲ. ಬದಲಿಗೆ ತಿನ್ನುವುದು ನಿಂತರೆ ಕರುಳು ನಿಂತುಬಿಡುತ್ತೆ, ಅದೇ ಅಪಾಯ. ಬುಟ್ಟಿಯಲ್ಲಿ ಅದರದ್ದೇ ಹುಲ್ಲು ತುಂಬಿ ಕರೆದುಕೊಂಡು ಹೋಗಿ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ. ಒಂದನ್ನೇ ಕರೆದುಕೊಂಡು ಹೋದರೆ ಆಸ್ಪತ್ರೆ ವಾಸನೆ ಹೊತ್ತು ಬಂದ ಮೊಲವನ್ನು ಮನೆಯಲ್ಲಿದ್ದದ್ದು ಗುರುತೇ ಹಿಡಿಯದೆ ಕಚ್ಚಾಡುತ್ತೆ.

ಸೂಜಿಮದ್ದು:
ಜಡೆಹುಲ್ಲು ಹೇಳಿದ್ದು ಸರಿ. ಅರ್ಧ ಡೋಸ್ ಅನ್ನುವುದು ಇಲ್ಲ. ಲಸಿಕೆಯನ್ನು ತೂಕ ನೋಡಿ ಕೊಡಲ್ಲ. ಒಂದು ಕಿಲೋ ಮೊಲಕ್ಕೂ ಆರು ಕಿಲೋ ಮೊಲಕ್ಕೂ ಒಂದೇ ಅಳತೆ. ಯಾರಾದರೂ ಒಂದು ಡೋಸನ್ನು ಎರಡು ಮೊಲಕ್ಕೆ ಹಂಚುತ್ತೇನೆ ಅಂದರೆ ಬೇಡ ಅನ್ನಿ.

ಲಸಿಕೆಗಳಲ್ಲೇ ಬೇರೆ ಬೇರೆ ಇವೆ. ನೋಬಿವ್ಯಾಕ್ ಮಿಕ್ಸೊ-ಆರ್‌ಎಚ್‌ಡಿ ಪ್ಲಸ್ ಅನ್ನುವುದು ಒಂದೇ ಚುಚ್ಚಿಗೆ ಮಿಕ್ಸೊ ಮತ್ತು ಆರ್‌ಎಚ್‌ಡಿಯ ಎರಡೂ ಬಗೆಗೆ ಆಗುತ್ತೆ. ಐದು ವಾರದ ಮರಿಯಿಂದ ಕೊಡಬಹುದು. ಆದರೆ ಕೊಟ್ಟ ತಕ್ಷಣ ರಕ್ಷಣೆ ಬರಲ್ಲ, ಮೂರು ವಾರ ಬೇಕು. ಫಿಲಾವ್ಯಾಕ್ ಅಂತ ಇನ್ನೊಂದು ಇದೆ, ಅದು ಆರ್‌ಎಚ್‌ಡಿಯ ಎರಡು ಬಗೆಗೆ ಮಾತ್ರ, ಮಿಕ್ಸೊಗೆ ಇಲ್ಲ. ಹತ್ತು ವಾರದಿಂದ ಕೊಡುತ್ತಾರೆ, ಒಂದು ವಾರದಲ್ಲಿ ಕೆಲಸ ಶುರು. ಅಮೆರಿಕದಲ್ಲಿ ಮೆಡ್‌ಜೀನ್ ಅನ್ನುವ ಕಂಪನಿಯದ್ದಕ್ಕೆ 2021ರಲ್ಲಿ ತುರ್ತು ಅನುಮತಿ ಸಿಕ್ಕಿತು, ಅದು ಆರ್‌ಎಚ್‌ಡಿಯ ಎರಡನೇ ಬಗೆಗೆ, ಮೂರು ವಾರದ ಅಂತರದಲ್ಲಿ ಎರಡು ಸಲ. ಯಾವುದೇ ಆದರೂ ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಜನ ಎಡವುವುದು ಇಲ್ಲೇ. ಮೊದಲನೇ ವರ್ಷ ಎಲ್ಲರೂ ಬರುತ್ತಾರೆ, ಎರಡನೇ ವರ್ಷ ಅರ್ಧ ಜನ ನಾಪತ್ತೆ.

ತೊಂದರೆ ಅಂದರೆ, ಒಂದೆರಡು ದಿನ ಮಂಕಾಗಿರಬಹುದು, ಮೈ ಸ್ವಲ್ಪ ಬಿಸಿ ಇರಬಹುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಬರಬಹುದು. ಗಂಟು ತಾನಾಗೇ ಕರಗುತ್ತೆ, ಹಿಸುಕಲು ಹೋಗಬೇಡಿ. ಆದರೆ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಮಾತ್ರ ಕಾಯಬೇಡಿ, ಫೋನ್ ಮಾಡಿ. ಲಸಿಕೆಯ ದಿನ ಮೊಲ ಆರೋಗ್ಯವಾಗಿರಬೇಕು, ಭೇದಿ, ಸೀನು ಇದ್ದರೆ ಮುಂದಕ್ಕೆ ಹಾಕಿ. ಅಂದ ಹಾಗೆ ಸೀನು, ಮೂಗು ಸೋರುವ ಕಾಯಿಲೆಗೆ ಇದು ಲಸಿಕೆ ಅಲ್ಲ. ತಲೆ ಓರೆಯಾಗುವ ಕಾಯಿಲೆಗೂ ಅಲ್ಲ. ಕೆಲವರು ಅದನ್ನೂ ಸೇರಿಸಿಕೊಂಡು ಆಮೇಲೆ ಬೈಯುತ್ತಾರೆ.

ಹಳೆಬುಟ್ಟಿ:
ನನ್ನದು ಸ್ವಲ್ಪ ವಿಚಿತ್ರ ಕೇಸು. ಬೀದಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಮೊಲವನ್ನು ತಂದು ಸಾಕಿದ್ದೇನೆ. ಬಂದಾಗ ಕಿವಿಯ ಮೇಲೆ, ಮೂಗಿನ ಮೇಲೆ ಒಣಗಿದ ಗಂಟುಗಳಿದ್ದವು. ಮಿಕ್ಸೊ ಬಂದು ಉಳಿದುಕೊಂಡಿರಬೇಕು ಅಂದರು ಡಾಕ್ಟರ್. ಒಂದು ಸಲ ಬಂದು ಹೋದ ಮೇಲೆ ಇವನಿಗೆ ಲಸಿಕೆ ಬೇಡ ಅಲ್ವಾ?

ಸೂಜಿಮದ್ದು:
ಒಳ್ಳೆಯದಾಯಿತು ಕೇಳಿದ್ದು. ಬೇಕು, ಆದರೆ ಯಾವುದು ಅನ್ನುವುದನ್ನು ಯೋಚಿಸಿ ಹಾಕಿಸಬೇಕು. ನಾನು ಮೇಲೆ ಹೇಳಿದ ಎರಡೂ ಸೇರಿದ ಲಸಿಕೆ ಇದೆಯಲ್ಲ, ಅದು ತಯಾರಾಗಿರುವುದೇ ದುರ್ಬಲ ಮಾಡಿದ ಮಿಕ್ಸೊ ವೈರಸ್ಸಿನ ಮೇಲೆ. ಆ ವೈರಸ್ಸಿನೊಳಗೆ ಆರ್‌ಎಚ್‌ಡಿಯ ಹೊರಕವಚದ ತುಣುಕನ್ನು ಸೇರಿಸಿದ್ದಾರೆ. ಮಿಕ್ಸೊ ಗಾಡಿ, ಆರ್‌ಎಚ್‌ಡಿ ಸವಾರಿ ಅಂದುಕೊಳ್ಳಿ. ನಿಮ್ಮ ಮೊಲದ ಮೈ ಮಿಕ್ಸೊವನ್ನು ಆಗಲೇ ನೋಡಿದೆ. ಗಾಡಿ ಬಾಗಿಲಿಗೆ ಬರುತ್ತಿದ್ದ ಹಾಗೇ ಹೊಡೆದು ಓಡಿಸಿಬಿಡುತ್ತೆ. ಸವಾರಿ ಇಳಿಯುವುದೇ ಇಲ್ಲ. ಅಂದರೆ ಆರ್‌ಎಚ್‌ಡಿ ಬಗ್ಗೆ ಮೈ ಸರಿಯಾಗಿ ಕಲಿಯದೆ ಇರಬಹುದು. ಇಂಥ ಮೊಲಕ್ಕೆ ಆರ್‌ಎಚ್‌ಡಿಗೇ ಬೇರೆ ಲಸಿಕೆ ಕೊಡುವುದು ವಾಡಿಕೆ. ಎರಡು ಬೇರೆ ಬೇರೆ ಲಸಿಕೆ ಕೊಡುವುದಾದರೆ ಒಂದೇ ದಿನ ಬೇಡ, ಮಧ್ಯೆ ಎರಡು ವಾರ ಬಿಡಿ. ಡಾಕ್ಟರಿಗೆ ಆ ಗಂಟುಗಳ ವಿಷಯ ಮೊದಲೇ ಹೇಳಿ, ಫೋಟೋ ಇದ್ದರೆ ತೋರಿಸಿ.

ಹಳೆಬುಟ್ಟಿ:
ಹೋದ ವರ್ಷ ಎರಡೂ ಸೇರಿದ್ದನ್ನೇ ಹಾಕಿಸಿ ಆಯಿತು ಅಂತ ನಿಶ್ಚಿಂತೆಯಿಂದ ಕೂತಿದ್ದೆ. ಗಂಟಿನ ಮಾತು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಳೆಯೇ ಹೋಗುತ್ತೇನೆ.

ಬಿಳಿಬಾಲ:
ನೀವೆಲ್ಲ ಅದೃಷ್ಟವಂತರು, ಯಾವ ಲಸಿಕೆ ಅಂತ ಆರಿಸುತ್ತಿದ್ದೀರಿ. ನಾವಿರುವ ಕಡೆ ಮೊಲದ ಲಸಿಕೆಯೇ ಬರಲ್ಲ. ಮೂರು ಕಡೆ ಕೇಳಿದೆ. ಒಬ್ಬರು ಬೆಕ್ಕಿನದ್ದು ಹಾಕಲಾ ಅಂದರು! ಇಂಥ ಕಡೆ ಏನು ಮಾಡಬೇಕು?

ಜಡೆಹುಲ್ಲು:
ಬೆಕ್ಕಿನದ್ದು ಹಾಕಿಸಬೇಡಿ ಮಾರಾಯರೇ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಸಾಕುಮೊಲಕ್ಕೆ ಮಿಕ್ಸೊ ಲಸಿಕೆ ಹಾಕಿಸಲು ಬಿಡಲ್ಲ. ಲಸಿಕೆಯ ಜೀವಂತ ವೈರಸ್ ಕಾಡುಮೊಲಗಳಿಗೆ ಹರಡಿ ಅವಕ್ಕೂ ರಕ್ಷಣೆ ಸಿಕ್ಕಿಬಿಟ್ಟರೆ ಅನ್ನುವ ಭಯ. ಅಲ್ಲಿಯವರು ಸೊಳ್ಳೆಪರದೆ ನಂಬಿಕೊಂಡೇ ಸಾಕುತ್ತಾರೆ. ನಾನು ಮಲ್ಲಿ, ಕರಿಯ ಹೋದ ಮೇಲೆ ಮಾಡಿದ್ದನ್ನು ಹೇಳುತ್ತೇನೆ. ಗೂಡು, ಹಾಸಿಗೆ, ಬಟ್ಟೆ ಎಲ್ಲ ಬಿಸಾಡಿದೆ. ನೆಲವನ್ನು ಮೊದಲು ಸೋಪು ಹಾಕಿ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿರುವ ಹಾಗೆ ಬಿಟ್ಟೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಈ ವೈರಸ್ಸಿಗೆ ನಂಬುವಂಥದ್ದಲ್ಲ, ಸೋಪು ಹಾಕಿ ತೊಳೆಯುವುದೇ ಮೇಲು. ಹೊಸ ಮೊಲ ತರಲು ತಿಂಗಳುಗಟ್ಟಲೆ ಕಾದೆ. ಈಗ ಹೊರಗಿನ ಚಪ್ಪಲಿ ಬಾಗಿಲ ಆಚೆಯೇ. ಕಿಟಕಿಗೆಲ್ಲ ಜಾಲರಿ. ಹುಲ್ಲು ತಂದರೆ ಎಲ್ಲಿ ಕೊಯ್ದಿದ್ದು ಅಂತ ಕೇಳುತ್ತೇನೆ, ಕಾಡುಮೊಲ ಓಡಾಡುವ ಜಾಗದ್ದಾದರೆ ಬೇಡ. ಬೇರೆಯವರ ಮೊಲ ಮುಟ್ಟಿದರೆ ಬಟ್ಟೆ ಬದಲಿಸದೆ ಇವುಗಳ ಹತ್ತಿರ ಹೋಗಲ್ಲ. ಹೊಸ ಮೊಲ ಬಂದರೆ ಕನಿಷ್ಠ ಎರಡು ವಾರ ಬೇರೆ ಕೋಣೆ. ಮನೆಯವರು ನನ್ನನ್ನು ನೋಡಿ ನಗುತ್ತಾರೆ, ನಗಲಿ.

ಇಷ್ಟೆಲ್ಲ ಮಾಡಿಯೂ ಲಸಿಕೆ ಹಾಕಿಸುತ್ತೇನೆ. ಒಂದು ಸೊಳ್ಳೆ ಒಳಗೆ ಬರುವುದನ್ನು ಯಾರು ಕಾಯುತ್ತಾ ಕೂರುತ್ತಾರೆ?

ಸೂಜಿಮದ್ದು:
ಬಿಳಿಬಾಲ ಅವರೇ, ಇನ್ನೊಂದು ದಾರಿ ನೋಡಿ. ಕೆಲವು ಲಸಿಕೆ ಒಂದೊಂದೇ ಡೋಸ್ ಆಗಿ ಬರಲ್ಲ, ಒಂದು ಸೀಸೆಯಲ್ಲಿ ಹತ್ತು, ಐವತ್ತು ಡೋಸ್ ಇರುತ್ತೆ, ತೆರೆದ ಮೇಲೆ ಬೇಗ ಮುಗಿಸಬೇಕು. ಒಂದೇ ಮೊಲಕ್ಕೆ ಸೀಸೆ ತರಿಸಲು ಡಾಕ್ಟರ್ ಹಿಂದೇಟು ಹಾಕುವುದು ಅದಕ್ಕೆ. ಮೊಲ ಸಾಕುವವರು ಏಳೆಂಟು ಜನ ಒಟ್ಟಾಗಿ ಒಂದೇ ದಿನ ಬರುತ್ತೇವೆ ಅಂದರೆ ತರಿಸಿಕೊಡುತ್ತಾರೆ. ನಮ್ಮ ಕ್ಲಿನಿಕ್ಕಿನಲ್ಲೂ ಶುರುವಾಗಿದ್ದು ಹೀಗೇ. ಬುಟ್ಟಿಗಳನ್ನು ಮಾತ್ರ ಒಂದರ ಪಕ್ಕ ಒಂದು ಇಡಬೇಡಿ.

ಒಂಟಿಸಲಗ:
ನನ್ನ ಒಂಬತ್ತು ವರ್ಷದ ಮುದುಕನಿಗೆ ಈಗ ಹಾಕಿಸಬಹುದಾ? ಸುಮ್ನೆ ಕೇಳಿದೆ ಅಷ್ಟೇ.

ಸೂಜಿಮದ್ದು:
ಸುಮ್ನೆ ಹೇಳುತ್ತೇನೆ ಅಷ್ಟೇ: ವಯಸ್ಸು ಅಡ್ಡಿ ಅಲ್ಲ. ಮೊದಲು ಮೈ ಪರೀಕ್ಷೆ ಮಾಡಿಸಿ. ಕಿಡ್ನಿ, ಹಲ್ಲು ಸರಿ ಇದೆ ಅಂದರೆ ಹಾಕುತ್ತಾರೆ.

ಉದ್ದಕಿವಿ:
ಹೋಗಿ ಬಂದು ನಾಲ್ಕು ದಿನ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಬುಟ್ಟಿಯಲ್ಲಿ ಎರಡನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಚಿನ್ನಿ ಗುಂಡನ ಹೊಟ್ಟೆಯ ಕೆಳಗೆ ತಲೆ ತೂರಿಸಿಕೊಂಡಿದ್ದಳು. ಭುಜದ ಹತ್ತಿರದ ಸಡಿಲ ಚರ್ಮ ಎತ್ತಿ ಚುಚ್ಚಿದರು, ಗುಂಡನಿಗೆ ಗೊತ್ತೇ ಆಗಲಿಲ್ಲ, ಬಾಯಲ್ಲಿದ್ದ ಹುಲ್ಲು ಜಗಿಯುತ್ತಲೇ ಇದ್ದ. ಚಿನ್ನಿ ಮಾತ್ರ ಹಿಂಗಾಲು ಕುಟ್ಟಿ ಇಡೀ ಮೇಜು ಅಲ್ಲಾಡಿಸಿದಳು. ಅವತ್ತು ರಾತ್ರಿ ಸ್ವಲ್ಪ ಕಡಿಮೆ ತಿಂದವು, ಮರುದಿನ ಬೆಳಗ್ಗೆ ಎಂದಿನ ಹಾಗೆ ತಟ್ಟೆ ಎಳೆದಾಡಿ ಎಬ್ಬಿಸಿದವು. ಇವತ್ತು ಚಿನ್ನಿಯ ಭುಜದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ಹಿಸುಕಿಲ್ಲ, ಸೂಜಿಮದ್ದು ಅವರೇ.

ಮೂರು ವಾರ ಅಂದಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಲ್ಲಿಯವರೆಗೆ ಮೊಲ ಇರುವ ಯಾರ ಮನೆಗೂ ಹೋಗಲ್ಲ. ಭಾವ ನಿನ್ನೆ ಬಂದಿದ್ದರು. ಚಪ್ಪಲಿ ಆಚೆ ಬಿಡಿ ಅಂದೆ. "ಬಿಟ್ಟೇ ಬಂದಿದ್ದೀನಲ್ಲೋ" ಅಂದರು. ಕಾಲೂ ತೊಳೆಯಿರಿ ಅಂದೆ.